ನೇತ್ರಾಣಿಯ ನೀರಿನಡಿಯಲ್ಲಿ ಉಸಿರಾಟ

ಸಮುದ್ರವನ್ನು ಕಣ್ಣಾರೆ ಕಾಣದೆಯೇ ಬಾಲ್ಯವನ್ನು ಕಳೆದವರು ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ಹಾಗೆಂದು ನಮಗೆ ನೀರಿನ ಪರಿಚಯವೇ ಇಲ್ಲವೆಂದು ಯಾರೂ ತಿಳಿಯಬಾರದು. ತುಂಗಭದ್ರೆಯ ಮಡುಗಳೂ, ವರದೆಯು ಅವಳನ್ನು ಕೂಡಿಕೊಳ್ಳುವ ಗಳಗನಾಥದ ಸಂಗಮವೂ, ಹೆಗ್ಗೇರಿಯಂಥ ಕೆರೆಗಳೂ, ಎಲ್ಲಕ್ಕಿಂತ ಹೆಚ್ಚಾಗಿ ಹೊಲಗಳ ನಡುವಣ ತೆರೆದ ಬಾವಿಗಳೂ ಇಲ್ಲಿಯ ಹುಡುಗರಿಗೆ ಈಜು ಕಲಿಸಿವೆ. ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಅಣ್ಣಂದಿರ ಕೈಯಿಂದ ಬಾವಿಗೆ ನೂಕಿಸಿಕೊಂಡವರೆಲ್ಲ ಆರ್ಕಿಮಿಡೀಸನ ತತ್ತ್ವವನ್ನು ಪುಸ್ತಕದಲ್ಲಿ ಓದುವ ಮೊದಲೇ ಮೈಮೇಲೆ ಅನುಭವಿಸಿದವರು.

ಕಳೆದ ಚಳಿಗಾಲದಲ್ಲಿ ನಮ್ಮ ವಿದ್ಯಾರ್ಥಿಗಳ ಒಂದು ತಂಡ ಮುರುಡೇಶ್ವರಕ್ಕೆ ಪ್ರವಾಸ ಹೊರಟಿತು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು ಸಮುದ್ರದಲ್ಲಿ ಮುಳುಗುವ ಅವಕಾಶವಿದೆಯೆಂದು ತಿಳಿದು ನಾಲ್ಕಾರು ಮಂದಿ ಅದಕ್ಕೆ ಹಣವನ್ನೂ ಕೂಡಿಟ್ಟಿದ್ದರು. ಹೊರಡುವ ಮುಂಚೆ ತರಬೇತಿಯ ಮಾತು ಬಂದಾಗ, ಬ್ಯಾಡಗಿಯ ಕಡೆಯ ಹುಡುಗನೊಬ್ಬ ನಕ್ಕು, "ಸರ್, ನಮ್ಮ ಬಾವ್ಯಾಗ ನಾ ಎರಡು ನಿಮಿಷ ಉಸಿರು ಹಿಡದು ತಳದ ಮಣ್ಣು ತಂದು ತೋರಿಸಾಂವ ರೀ. ನನಗ ಅಲ್ಲಿ ಏನು ಕಲಿಸ್ತಾರ ರೀ?" ಎಂದ. "ಉಸಿರು ಹಿಡಿಯೂದನ್ನ ಬಿಡಾಕ ಕಲಿಸ್ತಾರಪ್ಪಾ" ಎಂದೆ. ಅವನು ಅದನ್ನು ವಿನೋದವೆಂದೇ ಭಾವಿಸಿದ. ಆದರೆ ಬಾವಿಯಲ್ಲಿ ಅವನ ಪ್ರಾಣವನ್ನು ಕಾಯುವ ಅದೇ ಅಭ್ಯಾಸ ನೇತ್ರಾಣಿಯಲ್ಲಿ ಅವನ ಪ್ರಾಣವನ್ನು ತೆಗೆಯಬಲ್ಲುದು. ಇದು ಹೇಗೆಂಬುದನ್ನು ಬಸ್ಸಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದಾಯಿತು. ಇಲ್ಲಿ ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ದ್ವೀಪದ ವಿಷಯ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿಯು ಮುರುಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ತಲೆಯೆತ್ತಿ ನಿಂತ ಒಂದು ಪುಟ್ಟ ಗುಡ್ಡ. ಆಂಗ್ಲರ ನಕ್ಷೆಗಳಲ್ಲಿ ಇದಕ್ಕೆ ಪಾರಿವಾಳದ ದ್ವೀಪವೆಂದು ಹೆಸರು. ಮರಳಿನ ದಂಡೆಯೆಂಬುದು ಕಾಣಸಿಗುವುದಿಲ್ಲ. ಕಡಿದಾದ ಬಂಡೆಗಳು ನೇರವಾಗಿ ನೀರಿಗೆ ಇಳಿದಿವೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಹರಕೆಯೆಂದು ಮೀನುಗಾರರು ತಂದು ಬಿಟ್ಟ ಆಡುಗಳು ಕಾಡುಬಿದ್ದು ಮೇಲೆ ಓಡಾಡಿಕೊಂಡಿವೆ. ಈ ಆಡುಗಳನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅವುಗಳ ಜಾತಿಯವೇ ಒಂದು ದೊಡ್ಡ ಸಂಶೋಧನೆಯಲ್ಲಿ ಪಾತ್ರ ವಹಿಸಲಿವೆ. ನಮ್ಮ ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿದ್ದುಂಟು; ಹದ್ದುಗಳ ಮತ್ತು ಹವಳಗಳ ಹಿತವನ್ನು ಬಯಸುವವರು ಅದನ್ನು ವಿರೋಧಿಸಿದ್ದೂ ಉಂಟು. ನನಗೆ ಕೇಳಿದರೆ ಹದ್ದುಗಳ ಪಕ್ಷವೇ ನ್ಯಾಯವಾದುದು.

ದ್ವೀಪದ ನಿಜವಾದ ಸಂಪತ್ತು ಇರುವುದು ನೀರಿನ ಕೆಳಗೆ. ತೀರದ ಹತ್ತಿರ ನದಿಗಳು ತಂದು ಸುರಿಯುವ ಹೂಳಿನಿಂದ ಸಮುದ್ರ ಸದಾ ಕದಡಿರುತ್ತದೆ. ಇಷ್ಟು ದೂರಕ್ಕೆ ಆ ಹೂಳು ಹೆಚ್ಚಾಗಿ ತಲುಪದು. ಆದ್ದರಿಂದ ಮಳೆಗಾಲ ಕಳೆದು ಸಮುದ್ರ ಶಾಂತವಾದ ಅಕ್ಟೋಬರಿನಿಂದ ಮೇ ತಿಂಗಳ ತನಕ ಇಲ್ಲಿ ಒಳ್ಳೆಯ ದಿನಗಳಲ್ಲಿ ಹದಿನೈದು ಇಪ್ಪತ್ತು ಮೀಟರು ದೂರದ ವಸ್ತುಗಳು ನೀರಿನಡಿಯಲ್ಲಿ ಕಾಣುತ್ತವೆ. ದ್ವೀಪದ ಒಂದೊಂದು ಪಕ್ಕದಲ್ಲಿ ಒಂದೊಂದು ಬಗೆಯ ತಾಣ. ಕೆಲವೆಡೆ ಐದಾರು ಮೀಟರಿನಲ್ಲೇ ಬಂಡೆಗಳು ಸಿಕ್ಕಿ ಹೊಸಬರಿಗೆ ಅನುಕೂಲ. ಕೆಲವೆಡೆ ಬಂಡೆಯ ಗೋಡೆ ಮೂವತ್ತು ಮೀಟರಿಗಿಂತ ಕೆಳಗೂ ಇಳಿಯುತ್ತದೆ, ಅಲ್ಲಿ ಪಳಗಿದವರಿಗೆ ಮಾತ್ರ ಪ್ರವೇಶ. ಬಂಡೆಗಳಿಗೆ ಅಂಟಿಕೊಂಡ ಹವಳಗಳ ಸುತ್ತ ಗಿಳಿಮೀನು, ಚಿಟ್ಟೆಮೀನು, ಬಿಲದಿಂದ ಬಾಯ್ದೆರೆದು ನೋಡುವ ಹಾವುಮೀನು, ಸಾಲುಗಟ್ಟಿ ಸಾಗುವ ಬ್ಯಾರಕುಡಾ, ಅದೃಷ್ಟವಿದ್ದರೆ ಕಡಲಾಮೆ ಕಾಣಸಿಗುತ್ತವೆ.

ಇನ್ನು ಇಳಿಯುವ ಮಾತು. ನಾವು ಮುಳುಗಲು ಆರಂಭಿಸುವುದು ನೇತ್ರಾಣಿಯಲ್ಲಿ ಎಂದು ತಿಳಿಯುವುದು ಸರಿಯಲ್ಲ. ಹಾವೇರಿಯ ಬಸ್ಸುನಿಲ್ದಾಣದಿಂದಲೇ ಆರಂಭಿಸಿರುತ್ತೇವೆ. ನಾವೆಲ್ಲ ವಾಯುಸಾಗರದ ತಳದಲ್ಲಿ ಬಾಳುವ ಜೀವಿಗಳು. ಪಠ್ಯಪುಸ್ತಕಗಳು ವಾಯುಭಾರಮಾಪಕದಲ್ಲಿ ಪಾದರಸ ೭೬ ಸೆಂಟಿಮೀಟರ್ ಎತ್ತರ ನಿಲ್ಲುತ್ತದೆಂದು ಹೇಳುತ್ತವೆ. ಆದರೆ ನಮ್ಮ ಹಾವೇರಿಯಲ್ಲಿ ಪ್ರಯೋಗ ಮಾಡಿದರೆ ಅದು ೭೧ರ ಆಸುಪಾಸಿನಲ್ಲಿ ನಿಲ್ಲುತ್ತದೆ. ವಿದ್ಯಾರ್ಥಿಗಳು ಇದನ್ನು ಉಪಕರಣದ ದೋಷವೆಂದು ಬರೆದುಕೊಡುವುದನ್ನು ಕಂಡು ನನಗೆ ಸಾಕಾಗಿದೆ. ಉಪಕರಣ ಸರಿಯಾಗಿಯೇ ಇದೆ. ಹಾವೇರಿ ಸಮುದ್ರಮಟ್ಟದಿಂದ ಸುಮಾರು ೫೭೦ ಮೀಟರ್ ಎತ್ತರದಲ್ಲಿರುವುದರಿಂದ ಅಷ್ಟು ದಪ್ಪದ ಗಾಳಿಯ ಭಾರ ನಮ್ಮ ತಲೆಯ ಮೇಲಿಲ್ಲ. ಹಾನಗಲ್ಲು, ಶಿರಸಿಗಳನ್ನು ದಾಟಿ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಬರುವಾಗ ಕಿವಿಯಲ್ಲಿ ಏನೋ ತಡೆದಂತಾಗಿ, ಉಗುಳು ನುಂಗಿದೊಡನೆ 'ಟಪ್' ಎಂದು ತೆರೆದುಕೊಳ್ಳುವುದು ಯಾರ ಅನುಭವಕ್ಕೆ ಬಂದಿಲ್ಲ? ಊರಿನಲ್ಲಿ ಬಿಗಿಯಾಗಿ ಬಿರಡೆ ಹಾಕಿದ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಜೊತೆಗೊಯ್ದರೆ ಘಟ್ಟದ ಬುಡದಲ್ಲಿ ಅದರ ಪಕ್ಕೆಗಳು ಒಳಗೆ ಜಗ್ಗಿರುತ್ತವೆ. ನಮ್ಮ ತಂಡ ಇದನ್ನು ಮಾಡಿ ನೋಡಿತು.

ಈಗ ಒಂದು ಲೆಕ್ಕ. ಸಮುದ್ರಮಟ್ಟದ ಗಾಳಿಯ ಒತ್ತಡವನ್ನು ಒಂದು ವಾಯುಭಾರವೆಂದು ಕರೆಯೋಣ. ಹಾವೇರಿಯಲ್ಲಿ ಅದು ಸುಮಾರು ೦.೯೩, ಎಂದರೆ ಇಡೀ ಘಟ್ಟವನ್ನು ಇಳಿದು ನಾವು ಗಳಿಸಿದ್ದು ಒಂದು ವಾಯುಭಾರದ ಹದಿನೈದರಲ್ಲೊಂದು ಪಾಲು. ಅಷ್ಟೇ ಒತ್ತಡವನ್ನು ಸಮುದ್ರದ ನೀರಿನಲ್ಲಿ ಪಡೆಯಬೇಕಾದರೆ ಎಷ್ಟು ಆಳಕ್ಕೆ ಇಳಿಯಬೇಕು? ಎಪ್ಪತ್ತು ಸೆಂಟಿಮೀಟರ್ ಸಾಕು, ಸೊಂಟದ ಮಟ್ಟಕ್ಕೂ ಬಾರದು! ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರವಾದುದರಿಂದ ಹೀಗೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಒಂದೊಂದು ವಾಯುಭಾರ ಸೇರುತ್ತ ಹೋಗುತ್ತದೆ. ಮೇಲಿನ ಗಾಳಿಯದೂ ಕೂಡಿ ಹತ್ತು ಮೀಟರಿನಲ್ಲಿ ಎರಡು, ಇಪ್ಪತ್ತರಲ್ಲಿ ಮೂರು, ಮೂವತ್ತರಲ್ಲಿ ನಾಲ್ಕು. ಮುರುಡೇಶ್ವರದ ದಂಡೆಯಲ್ಲಿ ಕುಳಿತ ಶಿವನ ವಿಗ್ರಹದ ಎತ್ತರ ೧೨೩ ಅಡಿ, ಅಂದರೆ ಸುಮಾರು ೩೭ ಮೀಟರ್. ಆ ವಿಗ್ರಹ ನೆತ್ತಿಯ ತನಕ ಮುಳುಗಿದೆಯೆಂದು ಭಾವಿಸಿದರೆ ಅದರ ಪಾದದ ಬಳಿ ನಿಂತವನ ಮೇಲೆ ೪.೭ ವಾಯುಭಾರದಷ್ಟು ಒತ್ತಡವಿರುತ್ತದೆ. ಹವ್ಯಾಸಕ್ಕಾಗಿ ಮುಳುಗುವವರಿಗೆ ಸಾಮಾನ್ಯವಾಗಿ ಹಾಕಿರುವ ಗಡಿ ೪೦ ಮೀಟರ್, ಈ ವಿಗ್ರಹಕ್ಕಿಂತ ಸ್ವಲ್ಪವೇ ಹೆಚ್ಚು.

ಇಂಥ ಒತ್ತಡದಲ್ಲಿ ಮನುಷ್ಯ ಚಪ್ಪಟೆಯಾಗುವುದಿಲ್ಲವೇಕೆ? ನಮ್ಮ ದೇಹದ ಬಹುಪಾಲು ನೀರೇ ಆಗಿದೆ, ನೀರು ಸುಲಭವಾಗಿ ಕುಗ್ಗುವುದಿಲ್ಲ. ಒತ್ತಡ ಎಲ್ಲ ಕಡೆಯಿಂದಲೂ ಸಮನಾಗಿರುವಷ್ಟು ಕಾಲ ಸ್ನಾಯು, ಎಲುಬು, ರಕ್ತಗಳಿಗೆ ಅದರ ಅರಿವೇ ಆಗದು. ಕಷ್ಟವೆಲ್ಲ ಗಾಳಿ ತುಂಬಿದ ಪೊಳ್ಳುಗಳಿಗೆ: ಮಧ್ಯಕರ್ಣ, ಮೂಗಿನ ಸುತ್ತಣ ಕುಹರಗಳು, ಶ್ವಾಸಕೋಶ. ಕಿವಿಯ ತಮಟೆಯ ಹರವು ಸುಮಾರು ಅರ್ಧ ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಮೂರೇ ಮೀಟರ್ ಇಳಿದಾಗ ಆ ತೆಳುಪೊರೆಯ ಮೇಲೆ ಹೊರಗಿನಿಂದ ೧೮೦ ಗ್ರಾಮಿನಷ್ಟು ಭಾರ ಬೀಳುತ್ತದೆ. ಬಾವಿಯಲ್ಲಿ ತಳ ಮುಟ್ಟುವ ಹುಡುಗರಿಗೆ ಕಿವಿ ಸಿಡಿಯುವಂತೆ ನೋಯುವುದು ಇದರಿಂದಲೇ. ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಗಾಳಿಯನ್ನು ಒತ್ತಿದರೆ ಗಂಟಲಿನಿಂದ ಮಧ್ಯಕರ್ಣಕ್ಕೆ ಹೋಗುವ ಸಣ್ಣ ನಾಳ ತೆರೆದು ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾಗುತ್ತದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ವಲ್ಸಾಲ್ವನ ಹೆಸರು ಈ ಉಪಾಯಕ್ಕೆ ಅಂಟಿಕೊಂಡಿದೆ. ಮುಳುಗುಗಾರರು ಪ್ರತಿ ಮೀಟರಿಗೂ, ನೋವು ಬರುವ ಮುಂಚೆಯೇ, ಇದನ್ನು ಮಾಡುತ್ತ ಇಳಿಯಬೇಕು. ನೆಗಡಿಯಾದವರಿಗೆ ಆ ನಾಳ ತೆರೆಯುವುದಿಲ್ಲ. ಅವರು ಆ ದಿನ ದೋಣಿಯಲ್ಲೇ ಕುಳಿತಿರುವುದು ಕ್ಷೇಮ, ಕೊಟ್ಟ ಹಣ ಹೋದರೂ ಚಿಂತೆಯಿಲ್ಲ. ಉಬ್ಬಸವಿರುವವರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಹೊರಡಲೇಬಾರದು.

ನೀರಿನೊಳಗೆ ಉಸಿರಾಡುವ ಆಸೆ ಬಹಳ ಹಳೆಯದು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತದ್ದನ್ನು ಎಲ್ಲರೂ ಬಲ್ಲರು. ಮಂತ್ರವಿಲ್ಲದವರು ಕತೆಗಳಲ್ಲಿ ಟೊಳ್ಳು ದಂಟನ್ನು ಬಾಯಲ್ಲಿಟ್ಟುಕೊಂಡು ಕೆರೆಯ ತಳದಲ್ಲಿ ಕುಳಿತಿರುತ್ತಾರೆ. ಇದು ಸಾಧ್ಯವೇ? ಒಂದು ಗೇಣಿನ ಆಳದಲ್ಲಿ ಸಾಧ್ಯ. ಒಂದು ಮೀಟರಿನಲ್ಲಿ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ನೀರು ನೂರು ಗ್ರಾಮಿನಷ್ಟು ಹೆಚ್ಚಾಗಿ ಒತ್ತುತ್ತದೆ; ನಳಿಗೆಯ ಮೂಲಕ ಬರುವ ಗಾಳಿಯಲ್ಲಾದರೋ ಮೇಲಿನ ಒತ್ತಡವಷ್ಟೇ ಇದೆ. ಎದೆಯ ಹರವನ್ನು ಸಾವಿರ ಚದರ ಸೆಂಟಿಮೀಟರ್ ಎಂದು ಹಿಡಿದರೆ, ಒಂದು ಕ್ವಿಂಟಲ್ ತೂಕದ ಮೆಣಸಿನಕಾಯಿ ಚೀಲಗಳನ್ನು ಎದೆಯ ಮೇಲೆ ಹೇರಿಕೊಂಡು ಉಸಿರೆಳೆದಂತೆ! ಪಕ್ಕೆಲುಬುಗಳ ನಡುವಣ ಸ್ನಾಯುಗಳಿಗೆ ಅಂಥ ಶಕ್ತಿಯಿಲ್ಲ. ಆದುದರಿಂದ ಆಳಕ್ಕೆ ಹೋಗುವವನಿಗೆ ಗಾಳಿ ಸಿಕ್ಕರೆ ಸಾಲದು. ಆ ಆಳದ ನೀರಿನಷ್ಟೇ ಒತ್ತಡದ ಗಾಳಿ ಸಿಗಬೇಕು.

ಈ ಕೆಲಸವನ್ನು ತಾನೇ ಮಾಡುವ ಅಚ್ಚುಕಟ್ಟಾದ ಸಾಧನವೊಂದು ೧೯೪೩ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಯಿತು. ಯುದ್ಧಕಾಲದ ಪೆಟ್ರೋಲಿನ ಅಭಾವದಿಂದ ಮೋಟಾರುಗಳನ್ನು ಅನಿಲದಿಂದ ಓಡಿಸುತ್ತಿದ್ದ ದಿನಗಳವು. ಅನಿಲವನ್ನು ಎಂಜಿನ್ನಿಗೆ ಬೇಕಾದಷ್ಟೇ ಬಿಡುವ ಒಂದು ಕವಾಟವನ್ನು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ರಚಿಸಿದ್ದನು. ನೌಕಾದಳದ ಅಧಿಕಾರಿ ಜಾಕ್ ಕುಸ್ತೋ ಅದನ್ನು ಕಂಡು, ಇದೇ ಕವಾಟ ಮನುಷ್ಯನ ಶ್ವಾಸಕೋಶಕ್ಕೂ ಏಕಾಗಬಾರದೆಂದು ಯೋಚಿಸಿದನು. ಕವಾಟದಲ್ಲಿ ರಬ್ಬರಿನ ಒಂದು ಪೊರೆಯಿದೆ. ಅದರ ಹೊರಮೈಗೆ ನೀರು ತಾಗುತ್ತದೆ, ಒಳಮೈಗೆ ಉಸಿರಾಡುವ ಗಾಳಿ. ಉಸಿರೆಳೆದಾಗ ಒಳಗಿನ ಒತ್ತಡ ತಗ್ಗಿ, ನೀರು ಪೊರೆಯನ್ನು ಒಳಕ್ಕೆ ತಳ್ಳುತ್ತದೆ. ಪೊರೆ ಒಂದು ಸನ್ನೆಯನ್ನು ಒತ್ತುತ್ತದೆ. ಸಿಲಿಂಡರಿನ ಗಾಳಿ ನುಗ್ಗಿ ಬಂದು, ಒಳಗಿನ ಒತ್ತಡ ಹೊರಗಿನ ನೀರಿನದಕ್ಕೆ ಸಮವಾದೊಡನೆ ಪೊರೆ ಹಿಂದೆ ಸರಿದು ದಾರಿ ಮುಚ್ಚುತ್ತದೆ. ಎಷ್ಟು ಆಳವೆಂದು ಯಾರೂ ಅದಕ್ಕೆ ಹೇಳಿಕೊಡಬೇಕಾಗಿಲ್ಲ, ನೀರೇ ಹೇಳುತ್ತದೆ. ಇಂಥದೇ ತತ್ತ್ವದ ಯಂತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನವರೇ ಆದ ರೂಕೆರೋಲ್ ಮತ್ತು ದೆನೆರೂಜ್ ಎಂಬವರು ಮಾಡಿದ್ದರು. ಆದರೆ ಸಾಕಷ್ಟು ಗಾಳಿಯನ್ನು ಅಡಕಿ ತುಂಬಬಲ್ಲ ಗಟ್ಟಿಮುಟ್ಟಾದ ಸಿಲಿಂಡರುಗಳು ಆಗ ಇರಲಿಲ್ಲ. ನೀರಿನಡಿಯಲ್ಲಿ ಬಳಸುವ ಸ್ವಯಂಪೂರ್ಣ ಉಸಿರಾಟದ ಸಾಧನವೆಂಬರ್ಥದ ಆಂಗ್ಲ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಇದನ್ನು 'ಸ್ಕೂಬಾ' ಎನ್ನುತ್ತಾರೆ. ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂಬ ತಪ್ಪು ತಿಳಿವಳಿಕೆ ಎಲ್ಲೆಲ್ಲೂ ಇದೆ. ಸಾಮಾನ್ಯವಾಗಿ ಅದರಲ್ಲಿ ನಾವು ಈಗ ಸೇವಿಸುತ್ತಿರುವಂಥ ಗಾಳಿಯನ್ನೇ ಅಡಕಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವಾದರೆ ಆರೇಳು ಮೀಟರಿಗಿಂತ ಕೆಳಗೆ ಅದೇ ವಿಷವಾಗಿ ಸೆಳವು ತರಬಲ್ಲುದು.

ಈಗ ನಮ್ಮ ಬ್ಯಾಡಗಿಯ ಹುಡುಗನಿಗೆ ಉತ್ತರ ಕೊಡಬಹುದು. ಸ್ಥಿರ ಉಷ್ಣತೆಯಲ್ಲಿ ಅನಿಲದ ಒತ್ತಡ ಎರಡರಷ್ಟಾದರೆ ಗಾತ್ರ ಅರ್ಧವಾಗುತ್ತದೆ: ಇದು ರಾಬರ್ಟ್ ಬಾಯ್ಲ್ ೧೬೬೨ರಲ್ಲಿ ಪ್ರಕಟಿಸಿದ ನಿಯಮ, ನೀವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದು. ಬಾವಿಯ ಮೆಟ್ಟಿಲ ಮೇಲೆ ನಿಂತು ಆರು ಲೀಟರ್ ಗಾಳಿಯನ್ನು ಎಳೆದುಕೊಂಡವನು ಹತ್ತು ಮೀಟರ್ ಇಳಿದಾಗ ಅದು ಮೂರು ಲೀಟರಾಗಿ ಕುಗ್ಗುತ್ತದೆ. ಮೇಲೆ ಬಂದಾಗ ಮತ್ತೆ ಆರೇ ಲೀಟರು. ತಂದದ್ದನ್ನೇ ಹಿಂದಕ್ಕೊಯ್ದ, ಅಷ್ಟೆ. ಎಷ್ಟು ಬಿಗಿಯಾಗಿ ಉಸಿರು ಹಿಡಿದರೂ ಶ್ವಾಸಕೋಶ ಅದರ ಸಹಜ ಗಾತ್ರವನ್ನು ಮೀರದು. ಸ್ಕೂಬಾ ತೊಟ್ಟವನ ಸ್ಥಿತಿ ಬೇರೆ. ಅವನು ಹತ್ತು ಮೀಟರಿನ ಆಳದಲ್ಲಿ ಎರಡು ವಾಯುಭಾರದ ಗಾಳಿಯನ್ನು ಆರು ಲೀಟರ್ ತುಂಬಿಕೊಳ್ಳುತ್ತಾನೆ. ಗಾಬರಿಗೊಂಡು, ಬಾವಿಯ ಅಭ್ಯಾಸದಂತೆ ಬಾಯಿ ಬಿಗಿದು ಮೇಲಕ್ಕೆ ಚಿಮ್ಮಿದರೆ ಆ ಆರು ಲೀಟರ್ ಹನ್ನೆರಡಾಗಲು ಹವಣಿಸುತ್ತದೆ. ಎದೆಗೂಡಿನಲ್ಲಿ ಅಷ್ಟು ಸ್ಥಳವಿಲ್ಲ. ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳು ಹರಿದು ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ, ಹೃದಯದ ಮೂಲಕ ಮಿದುಳಿಗೆ ಹೋಗಿ ನಿಲ್ಲುತ್ತವೆ. ಇದಕ್ಕೆ ಹತ್ತು ಮೀಟರೂ ಬೇಕಿಲ್ಲ. ಶ್ವಾಸಕೋಶ ಪೂರ್ತಿ ತುಂಬಿದ್ದರೆ ಒಂದೂವರೆ ಮೀಟರಿನಷ್ಟು ಏರಿದರೂ ಅಪಾಯವಾಗಬಹುದು, ಈಜುಕೊಳದಲ್ಲಿಯೂ ಆಗಬಹುದು. ಆದ್ದರಿಂದಲೇ ಮುಳುಗುಗಾರರಿಗೆ ಕಲಿಸುವ ಮೊದಲನೆಯ ನಿಯಮ: ಉಸಿರಾಡುತ್ತಲೇ ಇರಬೇಕು, ಎಂದೆಂದಿಗೂ ಉಸಿರು ಹಿಡಿಯಬಾರದು.

ಬಾವಿಯ ಆಟಕ್ಕೂ ತನ್ನದೇ ಅಪಾಯವಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಚ್ಚು ಹೊತ್ತು ಮುಳುಗಿರಲೆಂದು ಹುಡುಗರು ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿಕೊಳ್ಳುತ್ತಾರೆ. ಇದರಿಂದ ರಕ್ತದ ಆಮ್ಲಜನಕ ಹೆಚ್ಚುವುದು ಅತ್ಯಲ್ಪ; ಇಂಗಾಲಾಮ್ಲ ಅನಿಲ ಮಾತ್ರ ಬಹಳವಾಗಿ ಇಳಿಯುತ್ತದೆ. ಉಸಿರಾಡಬೇಕೆಂಬ ತವಕವನ್ನು ಮುಖ್ಯವಾಗಿ ಹುಟ್ಟಿಸುವುದೇ ಆ ಇಂಗಾಲಾಮ್ಲ. ತವಕ ಹುಟ್ಟುವ ಮುಂಚೆಯೇ ಆಮ್ಲಜನಕ ಮುಗಿದು, ಯಾವ ಸೂಚನೆಯೂ ಇಲ್ಲದೆ ನೀರಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಸಾಯುತ್ತಾರೆ.

ನಿಯಮವನ್ನು ತಿಳಿಯುವುದು ಬೇರೆ, ಪಾಲಿಸುವುದು ಬೇರೆ. ಭೌತಶಾಸ್ತ್ರವನ್ನು ವರ್ಷಗಟ್ಟಲೆ ಬೋಧಿಸಿದ ನಾನು ನೇತ್ರಾಣಿಯ ನೀರಿಗಿಳಿದ ಮೊದಲ ಐದು ನಿಮಿಷದಲ್ಲೇ ತಪ್ಪಿದೆ. ನಾಲ್ಕೈದು ಮೀಟರಿನಲ್ಲಿ ಬಂಡೆಯ ಸಂದಿನಿಂದ ಹಾವುಮೀನೊಂದು ತಲೆ ಹೊರಚಾಚಿತು. ಬೆರಗಿನಿಂದ ನೋಡುತ್ತ ನನಗರಿವಿಲ್ಲದೆಯೇ ಉಸಿರು ಬಿಗಿಹಿಡಿದಿದ್ದೆ. ತುಂಬಿದ ಎದೆ ನನ್ನನ್ನು ಬಲೂನಿನಂತೆ ಮೇಲಕ್ಕೆ ಎತ್ತತೊಡಗಿತು. ಪಕ್ಕದಲ್ಲಿದ್ದ ಶಿಕ್ಷಕ, ನನಗಿಂತ ಹತ್ತು ವರ್ಷ ಕಿರಿಯ ತರುಣ, ನನ್ನ ತೋಳನ್ನು ಹಿಡಿದೆಳೆದು, ಎದೆಯನ್ನು ಬೆರಳಿನಿಂದ ತಟ್ಟಿ, ತನ್ನ ಬಾಯಿಂದೇಳುವ ಗುಳ್ಳೆಗಳನ್ನು ತೋರಿಸಿದ. ಗುಳ್ಳೆ ಕಾಣದಿದ್ದರೆ ವಿದ್ಯಾರ್ಥಿ ತಪ್ಪಿದನೆಂದೇ ಅವರ ಲೆಕ್ಕ. ನಾನು ನಾಚಿ ಉಸಿರು ಬಿಟ್ಟೆ. ಬಿಟ್ಟೊಡನೆ ಮೆಲ್ಲನೆ ಕೆಳಗಿಳಿದೆ. ಸೊಂಟದ ಸೀಸದ ತುಂಡುಗಳಿಂದಲೂ ಗಾಳಿ ತುಂಬುವ ಅಂಗಿಯಿಂದಲೂ ದೇಹವನ್ನು ತೇಲದ, ಮುಳುಗದ ಸಮಸ್ಥಿತಿಗೆ ತಂದಿರುತ್ತಾರೆ. ಆ ಮೇಲೆ ಒಂದು ಉಸಿರು ಏರಿಸುತ್ತದೆ, ಒಂದು ಉಸಿರು ಇಳಿಸುತ್ತದೆ. ಈ ಸಮತೋಲ ಕೈವಶವಾಗದವರು ಹವಳಗಳ ಮೇಲೆ ಕಾಲಿಟ್ಟು, ಹತ್ತಾರು ವರ್ಷಗಳ ಬೆಳವಣಿಗೆಯನ್ನು ಒಂದು ಒದೆತದಲ್ಲಿ ಮುರಿಯುತ್ತಾರೆ.

ಆ ಲೋಕದ ನೋಟವೇ ಬೇರೆ. ಬರಿಗಣ್ಣಿನಿಂದ ನೋಡಿದರೆ ಎಲ್ಲವೂ ಮಸುಕು, ಏಕೆಂದರೆ ಕಣ್ಣಿನ ಹೊರಪಾರದರ್ಶಕದ ವಕ್ರೀಭವನಾಂಕ ನೀರಿನದಕ್ಕೆ ಬಹಳ ಸಮೀಪ. ಬೆಳಕು ಅಲ್ಲಿ ಬಾಗುವುದೇ ಇಲ್ಲವೆನ್ನಬೇಕು. ಕಣ್ಣಿನ ಮುಂದೆ ಗಾಳಿಯ ಒಂದು ಪದರವನ್ನು ನಿಲ್ಲಿಸುವ ಗಾಜಿನ ಮುಖವಾಡ ತೊಟ್ಟಾಗ ದೃಷ್ಟಿ ಮರಳುತ್ತದೆ. ಆಗಲೂ ನಾಲ್ಕು ಮೀಟರ್ ದೂರದ ಮೀನು ಮೂರೇ ಮೀಟರಿನಲ್ಲಿದ್ದಂತೆ, ಮೂರನೆಯ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ದಡಕ್ಕೆ ಬಂದವರು ಮೀನಿನ ಅಳತೆ ಹೇಳುವಾಗ ಕಾಲುಪಾಲು ಕಳೆದುಕೊಂಡು ಕೇಳುವುದು ಒಳ್ಳೆಯದು.

ಬಣ್ಣಗಳ ಕತೆ ಇನ್ನೂ ವಿಚಿತ್ರ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಕೆಂಪಿಗೆ ಹೆಸರಾದುದು. ಅದೊಂದನ್ನು ಹಿಡಿದು ಹದಿನೈದು ಮೀಟರ್ ಇಳಿದರೆ ಕಪ್ಪು ಬೂದಿಬಣ್ಣದ ಒಣಕಡ್ಡಿಯಂತೆ ಕಂಡೀತು. ನೀರು ಕೆಂಪು ಬೆಳಕನ್ನು ಬಲವಾಗಿ ಹೀರುತ್ತದೆ. ಆ ಆಳಕ್ಕೆ ಕಡುಗೆಂಪಿನ ನೂರರಲ್ಲೊಂದು ಪಾಲೂ ತಲುಪದು. ಇಲ್ಲದ ಬೆಳಕನ್ನು ಕಾಯಿ ಪ್ರತಿಫಲಿಸುವುದೆಲ್ಲಿಂದ? ಕೈಗೆ ಗಾಯವಾದರೆ ರಕ್ತವೂ ಹಸುರುಗಪ್ಪಾಗಿ ತೋರುತ್ತದೆ. ಟಾರ್ಚು ಹೊತ್ತಿಸಿದೊಡನೆ ಬಂಡೆಯ ಹವಳಗಳಲ್ಲಿ ಅಡಗಿದ್ದ ಕೆಂಪು, ಕೇಸರಿಗಳು ಪುಟಿದೇಳುತ್ತವೆ. ೧೯೨೧ರಲ್ಲಿ ಹಡಗಿನಲ್ಲಿ ಮೆಡಿಟರೇನಿಯನ್ನನ್ನು ದಾಟುತ್ತಿದ್ದ ಸಿ. ವಿ. ರಾಮನ್ನರು ಸಮುದ್ರದ ನೀಲಿ ಆಕಾಶದ ಬರಿಯ ಪ್ರತಿಬಿಂಬವಾಗಿರಲಾರದೆಂದು ಕಂಡು, ನೀರಿನ ಅಣುಗಳೇ ಬೆಳಕನ್ನು ಚೆದರಿಸುವುದನ್ನು ತೋರಿಸಿದರು. ಆ ಜಾಡು ಹಿಡಿದು ಹೋದವರಿಗೆ ೧೯೨೮ರಲ್ಲಿ ದೊರೆತದ್ದೇ ರಾಮನ್ ಪರಿಣಾಮ. ಇನ್ನು ಶಬ್ದ: ಅದು ನೀರಿನಲ್ಲಿ ಸೆಕೆಂಡಿಗೆ ಸುಮಾರು ೧೫೦೦ ಮೀಟರ್ ಓಡುವುದರಿಂದ ಎರಡು ಕಿವಿಗಳಿಗೆ ತಲುಪುವ ಕಾಲದ ಅಂತರ ಗಾಳಿಯಲ್ಲಿದ್ದುದರ ಕಾಲುಭಾಗಕ್ಕಿಂತ ಕಡಿಮೆಯಾಗುತ್ತದೆ. ದೋಣಿಯ ಎಂಜಿನ್ನು ಕೇಳಿಸುತ್ತದೆ, ಯಾವ ದಿಕ್ಕಿನಿಂದ ಎಂಬುದು ಮಾತ್ರ ತಿಳಿಯುವುದಿಲ್ಲ. ಮೇಲೇರುವವರು ತಲೆಯೆತ್ತಿ, ಸುತ್ತ ನೋಡುತ್ತ ಏರಬೇಕೆಂಬುದು ಇದಕ್ಕಾಗಿಯೇ.

ಗಾಳಿ ಎಷ್ಟು ಹೊತ್ತು ಸಾಕು? ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ ೨೦೦ ವಾಯುಭಾರದ ಒತ್ತಡದಲ್ಲಿ ತುಂಬಿದ ಗಾಳಿ ಬಿಡುಗಡೆಯಾದರೆ ೨,೪೦೦ ಲೀಟರು. ಅದರ ತೂಕವೇ ಮೂರು ಕಿಲೋಗ್ರಾಮಿಗೆ ಸಮೀಪ. ನಿಮಿಷಕ್ಕೆ ಇಪ್ಪತ್ತು ಲೀಟರ್ ಸೇವಿಸುವವನಿಗೆ ನೀರಿನ ಮೇಲೆ ಎರಡು ಗಂಟೆ ಬಂದೀತು. ಹತ್ತು ಮೀಟರಿನಲ್ಲಿ ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ಖರ್ಚಾಗಿ ಒಂದೇ ಗಂಟೆ. ಮೂವತ್ತರಲ್ಲಿ ಅರ್ಧ ಗಂಟೆ. ಇದರಲ್ಲೂ ಕಾಲುಭಾಗವನ್ನು ಆಪತ್ತಿಗೆಂದು ಉಳಿಸಬೇಕು. ಹೆದರಿದವನು ಎರಡರಷ್ಟು ಉಸಿರಾಡುವುದೂ ಉಂಟು.

ಆದರೆ ಕಾಲವನ್ನು ಮಿತಗೊಳಿಸುವ ಇನ್ನೊಂದು ಕಾರಣವಿದೆ, ಅದು ಗಾಳಿಯ ಕೊರತೆಗಿಂತ ಗುಪ್ತವಾದುದು. ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ನೊರೆ ಉಕ್ಕುವುದನ್ನು ನೋಡಿದ್ದೀರಿ. ಒತ್ತಡವಿದ್ದಷ್ಟು ಕಾಲ ಅನಿಲ ನೀರಿನಲ್ಲಿ ಕಣ್ಮರೆಯಾಗಿ ಕರಗಿರುತ್ತದೆ, ಒತ್ತಡ ಹೋದೊಡನೆ ಗುಳ್ಳೆಯಾಗಿ ಹೊರಬೀಳುತ್ತದೆ. ಕರಗುವ ಪ್ರಮಾಣ ಒತ್ತಡಕ್ಕೆ ಅನುಗುಣವೆಂಬುದು ಹೆನ್ರಿಯ ನಿಯಮ. ಮುಳುಗುಗಾರನ ರಕ್ತ, ಕೊಬ್ಬು, ಕೀಲುಗಳಲ್ಲಿ ಗಾಳಿಯ ಸಾರಜನಕ ಹೀಗೆಯೇ ನಿಧಾನವಾಗಿ ಕರಗುತ್ತ ಹೋಗುತ್ತದೆ. ಅವನು ಒಮ್ಮೆಲೇ ಮೇಲೆದ್ದರೆ ಅವನೇ ಒಂದು ಸೋಡಾ ಬಾಟಲಿ. ಆಶ್ಚರ್ಯವೆಂದರೆ, ಇದರ ಮೊದಲ ಸುಳಿವನ್ನೂ ಕಂಡವನು ಬಾಯ್ಲನೇ. ಗಾಳಿಯನ್ನು ಹೊರದೆಗೆದ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣಿನೊಳಗೆ ಗುಳ್ಳೆಯೊಂದು ಚಲಿಸುವುದನ್ನು ೧೬೭೦ರಲ್ಲಿ ವರದಿ ಮಾಡಿದನು. ಇನ್ನೂರು ವರ್ಷಗಳ ಅನಂತರ, ನದಿಯ ತಳದಲ್ಲಿ ಸೇತುವೆಯ ಅಡಿಪಾಯ ಹಾಕಲು ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ದುಡಿದ ಕೂಲಿಗಳು ಮೇಲೆ ಬಂದು ಕೀಲುನೋವಿನಿಂದ ಬಾಗಿ ನರಳಿದರು, ಕೆಲವರು ಸತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ೧೮೭೨ರಲ್ಲಿ ಈ ರೋಗದಿಂದ ಹಾಸಿಗೆ ಹಿಡಿದನು. ಅವನ ಸೂಚನೆಗಳನ್ನು ಕೆಲಸಗಾರರಿಗೆ ಮುಟ್ಟಿಸಿ ೧೮೮೩ರಲ್ಲಿ ಸೇತುವೆ ಮುಗಿಯುವ ತನಕ ನೆರವಾದವಳು ಪತ್ನಿ ಎಮಿಲಿ. ಕಾರಣ ಸಾರಜನಕದ ಗುಳ್ಳೆಗಳೆಂದು ಫ್ರಾನ್ಸಿನ ಪಾಲ್ ಬೇರ್ ೧೮೭೮ರಲ್ಲಿ ನಿರೂಪಿಸಿದನು.

ಪರಿಹಾರವನ್ನು ಹುಡುಕಿದವನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್. ಈತನ ಮಗ ಜೆ. ಬಿ. ಎಸ್. ಹಾಲ್ಡೇನ್ ಮುಂದೆ ಭಾರತದ ಪ್ರಜೆಯಾಗಿ ಇಲ್ಲಿಯೇ ತೀರಿಕೊಂಡುದನ್ನು ಅನೇಕರು ಬಲ್ಲರು. ತಂದೆ ಹಾಲ್ಡೇನನು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಬೇರೆ ಬೇರೆ ವೇಗದಲ್ಲಿ ಒತ್ತಡ ಇಳಿಸಿ ಪರೀಕ್ಷಿಸಿದನು. ನೋವಾದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಎಷ್ಟು ಹೊತ್ತಿದ್ದರೂ ಎರಡು ವಾಯುಭಾರದಿಂದ ಒಂದಕ್ಕೆ ಇಳಿಸಿದ ಆಡುಗಳಿಗೆ ಕೆಡುಕಾಗಲಿಲ್ಲ. ಮುಖ್ಯವಾದುದು ಒತ್ತಡಗಳ ವ್ಯತ್ಯಾಸಕ್ಕಿಂತ ಅವುಗಳ ಪ್ರಮಾಣ ಎಂಬುದನ್ನು ಹಿಡಿದು ಅವನು ಮತ್ತು ಸಂಗಡಿಗ ವಿಜ್ಞಾನಿಗಳು ೧೯೦೮ರಲ್ಲಿ ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದರು. ಇಂದಿನ ಮುಳುಗುಗಾರರ ಕೈಗಡಿಯಾರದ ಗಣಕಗಳು ಆ ಕೋಷ್ಟಕಗಳ ಸಂತತಿಯೇ. ಬಳಕೆಯಲ್ಲಿರುವ ಒಂದು ಕೋಷ್ಟಕದಂತೆ, ನೇರವಾಗಿ ಮೇಲೆ ಬರಬೇಕೆಂದಿರುವವನು ೧೮ ಮೀಟರಿನಲ್ಲಿ ಸುಮಾರು ೫೫ ನಿಮಿಷ, ೩೦ ಮೀಟರಿನಲ್ಲಿ ೨೦ ನಿಮಿಷ ಮಾತ್ರ ಇರಬಹುದು. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರದೆ, ಐದು ಮೀಟರಿನಲ್ಲಿ ಮೂರು ನಿಮಿಷ ತಂಗಿ ಬರುವುದು ರೂಢಿ.

ಇಲ್ಲಿಗೆ ನಮ್ಮ ಘಟ್ಟದ ಪ್ರಶ್ನೆ ಮರಳಿ ಬರುತ್ತದೆ. ಕರಾವಳಿಯವನು ಮುಳುಗಿ ಎದ್ದು ಮನೆಗೆ ಹೋದರೆ ಅವನ ಏರಿಕೆ ಮುಗಿಯಿತು. ಹಾವೇರಿಯವನದು ಮುಗಿದಿಲ್ಲ, ಸಂಜೆಯ ಬಸ್ಸಿನಲ್ಲಿ ಅವನಿನ್ನೂ ೫೭೦ ಮೀಟರ್ ಏರಬೇಕು, ಮೈಯಲ್ಲಿ ಉಳಿದ ಸಾರಜನಕದೊಡನೆ. ಮುಳುಗುವ ಕೋಷ್ಟಕಗಳು ೩೦೦ ಮೀಟರಿಗೂ ಮೇಲಿನ ಸ್ಥಳವನ್ನು ಎತ್ತರದ ಸ್ಥಳವೆಂದೇ ಗಣಿಸುತ್ತವೆ. ಹಾಗಾದರೆ ಭಯಪಡಬೇಕೆ? ಹೊಸಬರನ್ನು ಆರೇಳು ಮೀಟರಿನಲ್ಲಿ ಅರ್ಧ ಗಂಟೆ ತಿರುಗಿಸಿ ತರುತ್ತಾರೆ. ಅಷ್ಟಕ್ಕೆ ಅಪಾಯ ತೀರ ಅಲ್ಪ, ಏಕೆಂದರೆ ಇಡೀ ಘಟ್ಟದ ಒತ್ತಡ ಎಪ್ಪತ್ತು ಸೆಂಟಿಮೀಟರ್ ನೀರಿನದಷ್ಟೇ ಎಂದು ಆಗಲೇ ಕಂಡಿದ್ದೇವೆ. ಆದರೆ ತರಬೇತಿ ಪಡೆದು, ಒಂದೇ ದಿನ ಎರಡು ಮೂರು ಸಲ ಆಳಕ್ಕಿಳಿದವರು ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ ಬೆಳಿಗ್ಗೆ ಘಟ್ಟ ಹತ್ತುವುದು ಲೇಸೆಂದು ನನ್ನ ಅಭಿಪ್ರಾಯ. ಹುಬ್ಬಳ್ಳಿಯಿಂದಲೋ ಗೋವೆಯಿಂದಲೋ ವಿಮಾನ ಹಿಡಿಯುವವರ ಮಾತು ಬೇರೆಯೇ. ವಿಮಾನದೊಳಗಿನ ಒತ್ತಡ ಮುಕ್ಕಾಲು ವಾಯುಭಾರಕ್ಕೆ ಇಳಿಯಬಹುದು. ಒಂದು ಸಲ ಮುಳುಗಿದ್ದರೆ ಕನಿಷ್ಠ ೧೨ ಗಂಟೆ, ಹೆಚ್ಚು ಸಲವಾದರೆ ೧೮ ಗಂಟೆ ಕಾಯಬೇಕೆಂದು ತಜ್ಞರ ಸೂಚನೆಯಿದೆ.

ನಮ್ಮ ತಂಡ ರಾತ್ರಿ ಅಲ್ಲಿಯೇ ತಂಗಿತು. ಉಸಿರು ಹಿಡಿಯುವ ಹುಡುಗ ನೀರಿನಲ್ಲಿ ನನಗಿಂತ ಒಳ್ಳೆಯ ವಿದ್ಯಾರ್ಥಿಯಾಗಿದ್ದ; ಅವನ ಗುಳ್ಳೆಗಳು ಒಮ್ಮೆಯೂ ನಿಲ್ಲಲಿಲ್ಲವೆಂದು ಶಿಕ್ಷಕನೇ ಹೇಳಿದ. ಹೊರಡುವಾಗ ಅವನು ಹಾವೇರಿಯಿಂದ ತಂದಿದ್ದ ಬಾಟಲಿಯ ಬಿರಡೆಯನ್ನು ಸಮುದ್ರದ ದಂಡೆಯಲ್ಲಿ ತೆರೆದು, ಪಕ್ಕೆಗಳು ನೆಟ್ಟಗಾದ ಮೇಲೆ ಮತ್ತೆ ಬಿಗಿದುಕೊಂಡ. ದೇವಿಮನೆಯ ತಿರುವುಗಳು ಮುಗಿದು ಶಿರಸಿ ಸಮೀಪಿಸಿದಾಗ ಅದನ್ನು ನನ್ನ ಕೈಗೆ ಕೊಟ್ಟ. ಬೆರಳಿನಿಂದ ಒತ್ತಿದರೆ ಕಲ್ಲಿನಂತೆ ಬಿಗಿಯಾಗಿತ್ತು. ಘಟ್ಟದ ಮೇಲಿನ ತಂಪಿನಿಂದ ಗಾಳಿ ತುಸು ಕುಗ್ಗಿರಬೇಕು, ಇಲ್ಲವಾದರೆ ಇನ್ನೂ ಬಿಗಿಯಾಗುತ್ತಿತ್ತು ಎಂದೆ. ಅವನು ಆಗಲೇ ಅದನ್ನು ಲೆಕ್ಕ ಹಾಕುತ್ತಿದ್ದ.